ಎಲ್‌ಎಲ್‌ಬಿ ಪರೀಕ್ಷೆಯ ಪ್ರಬಂಧ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಬರೆಯುವ ಬಗೆ: ಮಲೆನಾಡಿನ ಕಾನೂನು ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಕಳೆದ ಮಳೆಗಾಲದಲ್ಲಿ ಸಾಗರದ ಕಡೆಯ ಹುಡುಗಿಯೊಬ್ಬಳು ತನ್ನ ಉತ್ತರ ಪತ್ರಿಕೆಯ ಜೆರಾಕ್ಸ್ ಹಿಡಿದುಕೊಂಡು ಶಿವಮೊಗ್ಗದ ನನ್ನ ಆಫೀಸಿಗೆ ಬಂದಿದ್ದಳು. ಭೂ ಕಾನೂನಿನ ಪತ್ರಿಕೆ. "ಅಕ್ಕಾ, ನಾಲ್ಕು ಪುಟ ಬರ್ದಿದೀನಿ, ಹತ್ತಕ್ಕೆ ಮೂರು ಕೊಟ್ಟಿದಾರೆ ನೋಡಿ" ಅಂದಳು. ಪ್ರಶ್ನೆ ಇದ್ದದ್ದು ಇಷ್ಟು: 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯಡಿ ಗೇಣಿದಾರರ ಹಕ್ಕುಗಳನ್ನು ವಿವರಿಸಿ.

ಉತ್ತರ ಓದಿದೆ. ಮೊದಲ ಎರಡೂವರೆ ಪುಟ ಗೇಣಿದಾರರ ಹೋರಾಟವಾದ ಕಾಗೋಡು ಸತ್ಯಾಗ್ರಹ. 1951, ಗೇಣಿ ಅಳೆಯುವ ಕೊಳಗದ ಜಗಳ, ಮುಂದಾಳುಗಳಾದ ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು. ಓದುತ್ತಿದ್ದರೆ ಮೈ ಜುಮ್ಮೆನ್ನುವ ಹಾಗೆ ಬರೆದಿದ್ದಳು. ಅವಳ ಅಜ್ಜನೂ ಗೇಣಿ ಕೊಟ್ಟು ಉತ್ತವರಂತೆ. ಆಮೇಲೆ ಒಂದು ಪುಟ ಸಾಮಾಜಿಕ ನ್ಯಾಯದ ಮೇಲೆ. ಕಾಯ್ದೆ ಬಂದದ್ದು ಕೊನೆಯ ಅರ್ಧ ಪುಟದಲ್ಲಿ, ಅದೂ "ಉಳುವವನೇ ಭೂಮಿಯ ಒಡೆಯ ಎಂದು ಕಾಯ್ದೆ ಹೇಳಿತು" ಎಂಬ ಒಂದೇ ಮಾತಿನಲ್ಲಿ. 44ನೇ ಕಲಮಿನ (ಸೆಕ್ಷನ್ನಿನ) ಹೆಸರೇ ಇಲ್ಲ. ಗೇಣಿದಾರ ಅರ್ಜಿ ಹಾಕುವ ನಮೂನೆ 7 ಇಲ್ಲ. ಭೂ ನ್ಯಾಯಮಂಡಳಿಯೂ ಇಲ್ಲ.

ಆ ಮೂರು ಅಂಕದಲ್ಲಿ ಮೌಲ್ಯಮಾಪಕರ ತಪ್ಪು ನನಗೆ ಕಾಣಲಿಲ್ಲ. ಆದರೆ ಅಷ್ಟು ಚೆನ್ನಾಗಿ ಬರೆಯಬಲ್ಲವಳಿಗೆ ಕಾನೂನಿನ ಉತ್ತರ ಹೇಗಿರಬೇಕೆಂದು ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಹೊಸನಗರ, ಸೊರಬ, ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವ ಕನ್ನಡ ಮಾಧ್ಯಮದ ಮಕ್ಕಳ ಪಾಡು ಹೆಚ್ಚುಕಡಿಮೆ ಇದೇ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬರವಣಿಗೆಯ ಪರೀಕ್ಷೆ ಎಲ್ಲೆಲ್ಲಿದೆ

ಕರಿ ಕೋಟು ಹಾಕುವ ದಾರಿಯಲ್ಲಿ ಎರಡು ಕಡೆ ಪರೀಕ್ಷೆ. ಮೊದಲನೆಯದು ಪದವಿಯದ್ದು. ನಮ್ಮ ಕಡೆಯ ಕಾಲೇಜುಗಳಿಗೆ ಅದನ್ನು ನಡೆಸುವುದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಎರಡನೆಯದು ಅಖಿಲ ಭಾರತ ವಕೀಲರ ಪರೀಕ್ಷೆ, ಎಲ್ಲರ ಬಾಯಲ್ಲಿ ಎಐಬಿಇ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ಪರೀಕ್ಷೆಯನ್ನು ಎತ್ತಿಹಿಡಿದ ಮೇಲೆ ಅದು ಬೇಕೋ ಬೇಡವೋ ಎಂಬ ಚರ್ಚೆ ಮುಗಿದಿದೆ.

ಎಐಬಿಇಯಲ್ಲಿ 100 ಬಹು ಆಯ್ಕೆ ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಟಿಪ್ಪಣಿಯಿಲ್ಲದ ಬೇರ್ ಆ್ಯಕ್ಟ್ (ಕಾಯ್ದೆಯ ಮೂಲ ಪಾಠ ಮಾತ್ರ ಇರುವ ಪುಸ್ತಕ) ಒಳಗೆ ಒಯ್ಯಬಹುದು, ಕನ್ನಡದಲ್ಲೂ ಬರೆಯಬಹುದು. ಅಲ್ಲಿ ಒಂದು ವಾಕ್ಯ ಬರೆಯುವ ಕೆಲಸವೂ ಇಲ್ಲ. ಅಂದರೆ ನೀವು ಒಂದು ಸಂಗತಿಗೆ ಕಾನೂನು ಹಚ್ಚಿ, ಕಾರಣ ಕೊಟ್ಟು, ನಿರ್ಣಯಕ್ಕೆ ಬರಬಲ್ಲಿರಾ ಎಂದು ಯಾರಾದರೂ ಕಾಗದದ ಮೇಲೆ ನೋಡುವುದಿದ್ದರೆ ಅದು ಸೆಮಿಸ್ಟರ್ ಪರೀಕ್ಷೆಯಲ್ಲಿ ಮಾತ್ರ. ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಗೋ, ಸುಪ್ರೀಂ ಕೋರ್ಟಿನಲ್ಲಿ ಕೇಸು ದಾಖಲಿಸುವ ಅಧಿಕಾರ ಕೊಡುವ ಅಡ್ವೊಕೇಟ್ ಆನ್ ರೆಕಾರ್ಡ್ ಪರೀಕ್ಷೆಗೋ ಕೂರುವವರಿಗೆ ಮತ್ತೆ ಬರವಣಿಗೆ ಎದುರಾಗುತ್ತದೆ. ಉಳಿದವರಿಗೆ ಎದುರಾಗುವುದು ಕಕ್ಷಿದಾರನನ್ನು ಪಕ್ಕಕ್ಕೆ ಕೂರಿಸಿಕೊಂಡು ದಾವಾ ಅರ್ಜಿ ಬರೆಯುವಾಗ. ಆಗ ಕೈ ತಡವರಿಸಿದರೆ ನಷ್ಟ ಅವನದ್ದು. ಅದಕ್ಕೇ ಸೆಮಿಸ್ಟರಿನ ಈ ಬರವಣಿಗೆಯನ್ನು ಗೈಡ್ ಬಾಯಿಪಾಠ ಮಾಡಿ ದಾಟಿಬಿಡಬೇಡಿ ಎನ್ನುತ್ತೇನೆ.

ಮೊದಲ ಹೆಜ್ಜೆ: ಅಂಕಕ್ಕೆ ಎರಡು ನಿಮಿಷ

ಪತ್ರಿಕೆ 80 ಅಂಕದ್ದು, ಮೂರು ಗಂಟೆ. ಐದು ಘಟಕ. ಪ್ರತಿ ಘಟಕದಲ್ಲಿ 10 ಅಂಕದ ಒಂದು ಪ್ರಬಂಧ ಪ್ರಶ್ನೆ, 6 ಅಂಕದ ಒಂದು ಕಿರು ಟಿಪ್ಪಣಿ ಅಥವಾ ಸಮಸ್ಯೆ. ಎರಡಕ್ಕೂ ಆಯ್ಕೆ ಇರುತ್ತದೆ, ಆದರೆ ಘಟಕ ಬಿಡುವಂತಿಲ್ಲ.

ಲೆಕ್ಕ ಹಾಕಿ. 180 ನಿಮಿಷದಲ್ಲಿ ಪ್ರಶ್ನೆ ಓದಲು 10, ಕೊನೆಗೆ ತಿದ್ದಲು 10 ತೆಗೆದರೆ ಉಳಿದದ್ದು 160. 80 ಅಂಕಕ್ಕೆ 160 ನಿಮಿಷ, ಒಂದು ಅಂಕಕ್ಕೆ ಎರಡು. ಪ್ರಬಂಧಕ್ಕೆ 20 ನಿಮಿಷ, ಟಿಪ್ಪಣಿ ಅಥವಾ ಸಮಸ್ಯೆಗೆ 12. ಗಡಿಯಾರ ನೋಡಿ 20 ಮುಗಿದರೆ ವಾಕ್ಯ ಮುಗಿಸಿ ಮುಂದೆ ಹೋಗಿ. ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿರಿ, ಕೊನೆಗೆ ಸಮಯ ಸಿಕ್ಕರೆ ತುಂಬಬಹುದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಮೊದಲ ಸೆಮಿಸ್ಟರಿನಲ್ಲಿ ಕರಾರು ಕಾನೂನಿನ ಪತ್ರಿಕೆಯಲ್ಲಿ ಪ್ರತಿಫಲದ ಬಗ್ಗೆ ಒಂಬತ್ತು ಪುಟ ಬರೆದೆ. ಗೊತ್ತಿದ್ದದ್ದನ್ನೆಲ್ಲ ಬರೆದ ಸಂತೋಷ. ಐದನೇ ಘಟಕಕ್ಕೆ ಬರುವಾಗ ಗಂಟೆ ಹೊಡೆಯಿತು. ಒಂಬತ್ತು ಪುಟಕ್ಕೆ ಏಳು ಅಂಕ ಬಂತು, ಬರೆಯದ ಘಟಕದ ಹದಿನಾರೂ ಹೋಯಿತು. ಆ ವಿಷಯ ಮತ್ತೆ ಕಟ್ಟಬೇಕಾಯಿತು.

ಎರಡನೇ ಹೆಜ್ಜೆ: ಪ್ರಶ್ನೆ ಏನು ಕೇಳುತ್ತಿದೆ

ಪ್ರಶ್ನೆಯ ಕೊನೆಯ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. 'ವಿವರಿಸಿ' ಅಂದರೆ ಕಾನೂನನ್ನು ಅಂಗಾಂಗವಾಗಿ ಬಿಡಿಸಿಡುವುದು. 'ಚರ್ಚಿಸಿ' ಅಂದರೆ ಎರಡು ಪಕ್ಷ ಇವೆ, ಎರಡನ್ನೂ ಹೇಳಿ ನಿಮ್ಮ ನಿಲುವನ್ನೂ ಹೇಳಬೇಕು. 'ವಿಮರ್ಶಾತ್ಮಕವಾಗಿ ಪರಿಶೀಲಿಸಿ' ಅಂದರೆ ಆ ಕಾನೂನಿನ ಕೊರತೆಯನ್ನೂ ತೋರಿಸಬೇಕು. 'ವ್ಯತ್ಯಾಸ ತಿಳಿಸಿ' ಅಂದಾಗ ಎರಡರ ವ್ಯಾಖ್ಯೆಯನ್ನು ಒಂದರ ಕೆಳಗೊಂದು ಬರೆದರೆ ಸಾಲದು, ಅಂಶಕ್ಕೆ ಅಂಶ ಎದುರಿಟ್ಟು ಹೋಲಿಸಬೇಕು.

ಪ್ರಶ್ನೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಅಚ್ಚಾಗಿರುತ್ತದೆ. ಕನ್ನಡದ ಪಾಠ ತೊಡಕಾಗಿ ಕಂಡರೆ ಮೇಲಿನ ಇಂಗ್ಲಿಷ್ ಸಾಲನ್ನು ಓದಿ. ಸಂಕೋಚ ಬೇಡ.

ಮೂರನೇ ಹೆಜ್ಜೆ: ಎರಡು ನಿಮಿಷದ ಚೌಕಟ್ಟು

ಪ್ರತಿ ಪ್ರಬಂಧಕ್ಕೂ ಮೊದಲು ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಆರೇಳು ಪದ ಗೀಚಿಕೊಳ್ಳಿ, ಆಮೇಲೆ ಹೊಡೆದುಹಾಕಿ. ಆ ಸಾಗರದ ಹುಡುಗಿಯ ಜೊತೆ ಕೂತು ಅವಳ ಪ್ರಶ್ನೆಗೇ ಒಂದು ಚೌಕಟ್ಟು ಮಾಡಿದೆವು. ಅವಳ ನೋಟ್‌ಬುಕ್ಕಿನಲ್ಲಿ ಬಂದದ್ದು ಹೀಗೆ: ಪೀಠಿಕೆ; ಗೇಣಿದಾರ ಯಾರು – 2(34), 4; ಹೊಸ ಗೇಣಿಗೆ ನಿಷೇಧ – 5; ಸರ್ಕಾರಕ್ಕೆ ನಿಹಿತ – 44; ಅಧಿಭೋಗದ ಹಕ್ಕು – 45; ನ್ಯಾಯಮಂಡಳಿ – 48; ಅರ್ಜಿ – 48ಎ; ನಿರ್ಬಂಧ – 61.

ಈಗ ಇದಕ್ಕೆ ಮೈ ತುಂಬುವುದು. ಪೀಠಿಕೆ ಮೂರೇ ವಾಕ್ಯ. ಕಾಗೋಡು ಅಲ್ಲಿ ಬರಲಿ, ಬರಲೇಬೇಕು, ಆದರೆ ಒಂದು ವಾಕ್ಯದಲ್ಲಿ: "1951ರ ಕಾಗೋಡು ಸತ್ಯಾಗ್ರಹದಂಥ ರೈತ ಹೋರಾಟಗಳು ಎತ್ತಿದ ಬೇಡಿಕೆಗೆ 1961ರ ಈ ಕಾಯ್ದೆ, ಮುಖ್ಯವಾಗಿ ದೇವರಾಜ ಅರಸು ಅವರ ಕಾಲದ 1974ರ ತಿದ್ದುಪಡಿ, ಶಾಸನದ ರೂಪ ಕೊಟ್ಟಿತು." ಹೀಗೆ ಬರೆದರೆ ಇತಿಹಾಸ ಕಾನೂನಿಗೆ ಕೊಂಡಿಯಾಗುತ್ತದೆ.

ಆಮೇಲೆ ಗೇಣಿದಾರನ ವ್ಯಾಖ್ಯೆ: ಭೂಮಾಲೀಕನಿಂದ ಗೇಣಿಗೆ ಪಡೆದ ಜಮೀನನ್ನು ಸ್ವತಃ ಸಾಗುವಳಿ ಮಾಡುವ ಕೃಷಿಕ, ಜೊತೆಗೆ 4ನೇ ಕಲಮಿನ ಪ್ರಕಾರ ಗೇಣಿದಾರನೆಂದು ಭಾವಿಸಲಾಗುವವನು. ನಂತರ ಉತ್ತರದ ಹೃದಯ, 44ನೇ ಕಲಂ: 1974ರ ಮಾರ್ಚ್ 1ಕ್ಕೆ ಮೊದಲು ಗೇಣಿದಾರರ ಕೈಯಲ್ಲಿದ್ದ ಜಮೀನು ಆ ದಿನದಿಂದ ರಾಜ್ಯ ಸರ್ಕಾರದಲ್ಲಿ ನಿಹಿತ, ಅಂದರೆ ಸರ್ಕಾರದ ಒಡೆತನಕ್ಕೆ ಸೇರುತ್ತದೆ. ಜಮೀನು ಒಡೆಯನಿಂದ ನೇರ ಗೇಣಿದಾರನಿಗೆ ಹೋಗುವುದಿಲ್ಲ, ಮೊದಲು ಸರ್ಕಾರಕ್ಕೆ ಬಂದು ಅಲ್ಲಿಂದ 45ನೇ ಕಲಮಿನಡಿ ಅಧಿಭೋಗದಾರನಾಗಿ (ಜಮೀನಿನ ಹಕ್ಕುಳ್ಳ ಹಿಡುವಳಿದಾರನಾಗಿ) ನೋಂದಣಿಯಾಗುವ ಹಕ್ಕು ಗೇಣಿದಾರನಿಗೆ ಸಿಗುತ್ತದೆ. ಈ ಎರಡು ಮೆಟ್ಟಿಲನ್ನು ಬಿಡಿಸಿ ಬರೆದವರಿಗೆ ವಿಷಯ ಅರ್ಥವಾಗಿದೆ ಎಂದು ತಿದ್ದುವವರಿಗೆ ತಕ್ಷಣ ಗೊತ್ತಾಗುತ್ತದೆ. ಮುಂದೆ ನಮೂನೆ 7ರ ಅರ್ಜಿ, ಅದಕ್ಕೆ ಕೊನೆಯ ದಿನ 1979ರ ಜೂನ್ 30. ತೀರ್ಮಾನಿಸುವುದು ಭೂ ನ್ಯಾಯಮಂಡಳಿ. ಕೊನೆಗೆ 61ನೇ ಕಲಂ: ಹೀಗೆ ಸಿಕ್ಕ ಜಮೀನನ್ನು 15 ವರ್ಷ ಪರಭಾರೆ ಮಾಡುವಂತಿಲ್ಲ, ಕುಟುಂಬದೊಳಗಿನ ವಿಭಾಗಕ್ಕೆ ಅಡ್ಡಿಯಿಲ್ಲ.

ಇಷ್ಟು ಬರೆಯಲು ಎರಡೂವರೆ ಪುಟ ಸಾಕು. ಅವಳು ಮನೆಯಲ್ಲಿ ಮತ್ತೆ ಬರೆದು ತಂದಾಗ 18 ನಿಮಿಷ ಹಿಡಿದಿತ್ತು.

ಇದೇ ಕಾಯ್ದೆಯ ಬಗ್ಗೆ ಒಂದು ಎಚ್ಚರಿಕೆ. ಕೃಷಿ ಜಮೀನು ಕೊಳ್ಳುವವರಿಗೆ ಆದಾಯ ಮಿತಿ, ಕೃಷಿಕನಾಗಿರಬೇಕೆಂಬ ಷರತ್ತು ಹಾಕಿದ್ದ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಲಾಗಿದೆ. ಹಳೆಯ ಗೈಡುಗಳಲ್ಲಿ ಅವು ಇನ್ನೂ ಜೀವಂತವಾಗಿ ಕೂತಿರುತ್ತವೆ.

ನಾಲ್ಕನೇ ಹೆಜ್ಜೆ: ಸಮಸ್ಯೆ ಬಿಡಿಸುವುದು

ನನ್ನ ಮಟ್ಟಿಗೆ ಇಡೀ ಪತ್ರಿಕೆಯಲ್ಲಿ ವಕೀಲಿಕೆಗೆ ಅತಿ ಹತ್ತಿರದ್ದು ಈ 6 ಅಂಕ. ತುಂಬ ಜನ ಹೆದರಿ ಕಿರು ಟಿಪ್ಪಣಿಗೆ ಹೋಗುತ್ತಾರೆ. ಹೋಗಬೇಡಿ. ಬಾಯಿಪಾಠ ಕಡಿಮೆ ಇರುವವರಿಗೆ ಸಮಸ್ಯೆಯೇ ಸುಲಭ.

ನಾಲ್ಕು ಭಾಗ ನೆನಪಿಡಿ: ಪ್ರಶ್ನೆ, ಕಾನೂನು, ಅನ್ವಯ, ತೀರ್ಮಾನ. ಇಂಗ್ಲಿಷ್ ಮಾಧ್ಯಮದವರು ಇಶ್ಯೂ, ರೂಲ್, ಅಪ್ಲಿಕೇಶನ್, ಕನ್‌ಕ್ಲೂಶನ್ ಪದಗಳ ಮೊದಲಕ್ಷರ ಸೇರಿಸಿ ಇದನ್ನೇ 'ಐರ್ಯಾಕ್' ಎನ್ನುತ್ತಾರೆ. ನಮ್ಮ ಮಕ್ಕಳು ಕಾನೂನು ಬರೆಯುತ್ತಾರೆ, ತೀರ್ಮಾನ ಬರೆಯುತ್ತಾರೆ, ನಡುವಿನ ಅನ್ವಯವನ್ನು ಹಾರಿಸುತ್ತಾರೆ. ಅಂಕ ಹೋಗುವುದೇ ಅಲ್ಲಿ. ಮಂಡಿಯ ಉದಾಹರಣೆಯೊಂದನ್ನು ನೋಡೋಣ.

ತೀರ್ಥಹಳ್ಳಿಯ ಬೆಳೆಗಾರ 'ಕ', ತನ್ನ 20 ಕ್ವಿಂಟಲ್ ರಾಶಿ ಅಡಿಕೆಯನ್ನು ಕ್ವಿಂಟಲಿಗೆ 45,000 ರೂಪಾಯಿಯಂತೆ ಕೊಡುತ್ತೇನೆಂದು ಶಿವಮೊಗ್ಗದ ಮಂಡಿ ವ್ಯಾಪಾರಿ 'ಖ'ನಿಗೆ ಅಂಚೆಯಲ್ಲಿ ಪತ್ರ ಬರೆಯುತ್ತಾನೆ. ಪತ್ರ 4ನೇ ತಾರೀಕು ತಲುಪುತ್ತದೆ. 5ರಂದು 'ಖ' ಒಪ್ಪಿಗೆಯ ಪತ್ರವನ್ನು ಅಂಚೆಗೆ ಹಾಕುತ್ತಾನೆ. 6ರಂದು ಧಾರಣೆ ಏರುತ್ತದೆ. 'ಕ' ಫೋನ್ ಮಾಡಿ, ನಾನು ಕೊಡುವುದಿಲ್ಲ, ಹಿಂದೆ ತೆಗೆದುಕೊಂಡಿದ್ದೇನೆ ಎನ್ನುತ್ತಾನೆ. 'ಖ'ನ ಪತ್ರ 'ಕ'ನ ಕೈಸೇರುವುದು 8ಕ್ಕೆ. ಕರಾರು ಆಗಿದೆಯೇ?

ಸಾಮಾನ್ಯವಾಗಿ ಸಿಗುವ ಉತ್ತರ: "ಭಾರತೀಯ ಕರಾರು ಕಾಯ್ದೆಯ 4ನೇ ಕಲಂ ಸಂವಹನದ ಬಗ್ಗೆ ಹೇಳುತ್ತದೆ. ಆದ್ದರಿಂದ ಕರಾರು ಆಗಿದೆ." ತೀರ್ಮಾನ ಸರಿ. ಆದರೆ 'ಆದ್ದರಿಂದ' ಎಂಬ ಪದ ಯಾವ ಕಾರಣದ ಮೇಲೆ ನಿಂತಿದೆ? ಕಾರಣವೇ ಇಲ್ಲ.

ನಾನಾಗಿದ್ದರೆ ಹೀಗೆ ಬರೆಯುತ್ತೇನೆ:

"ಇಲ್ಲಿರುವ ಪ್ರಶ್ನೆ: 6ನೇ ತಾರೀಕು 'ಕ' ಮಾಡಿದ ಪ್ರಸ್ತಾಪದ ಹಿಂತೆಗೆತ ಸಿಂಧುವೇ? 1872ರ ಭಾರತೀಯ ಕರಾರು ಕಾಯ್ದೆಯ 5ನೇ ಕಲಮಿನ ಪ್ರಕಾರ, ಅಂಗೀಕಾರದ ಸಂವಹನವು ಪ್ರಸ್ತಾಪಕನ ವಿರುದ್ಧ ಪೂರ್ಣಗೊಳ್ಳುವ ಮೊದಲು ಯಾವಾಗ ಬೇಕಾದರೂ ಪ್ರಸ್ತಾಪವನ್ನು ಹಿಂತೆಗೆದುಕೊಳ್ಳಬಹುದು, ನಂತರ ಸಾಧ್ಯವಿಲ್ಲ. ಅದು ಯಾವಾಗ ಪೂರ್ಣಗೊಳ್ಳುತ್ತದೆ ಎಂಬುದನ್ನು 4ನೇ ಕಲಂ ಹೇಳುತ್ತದೆ: ಅಂಗೀಕಾರವನ್ನು ಅಂಗೀಕರಿಸಿದವನ ಕೈಮೀರುವಂತೆ ರವಾನೆಗೆ ಹಾಕಿದಾಗ ಪ್ರಸ್ತಾಪಕನ ವಿರುದ್ಧ ಪೂರ್ಣ, ಪ್ರಸ್ತಾಪಕನಿಗೆ ಅದು ತಿಳಿದಾಗ ಅಂಗೀಕರಿಸಿದವನ ವಿರುದ್ಧ ಪೂರ್ಣ. ಪ್ರಸ್ತುತ ಸಂಗತಿಯಲ್ಲಿ 'ಕ' ಅಂಚೆಯ ಮೂಲಕ ಪ್ರಸ್ತಾಪಿಸಿದ್ದರಿಂದ 'ಖ' ಅಂಚೆಯಲ್ಲಿ ಉತ್ತರಿಸಿದ್ದು ಸರಿಯಾದ ಮಾರ್ಗ. 'ಖ' 5ನೇ ತಾರೀಕು ಪತ್ರವನ್ನು ಅಂಚೆಗೆ ಹಾಕಿದ ಕ್ಷಣಕ್ಕೆ 'ಕ' ಕಟ್ಟುಬಿದ್ದನು. ಫೋನ್ ಮಾಡಿದ್ದು 6ರಂದು, ಅಂದರೆ ಒಂದು ದಿನ ತಡವಾಗಿ. ಪತ್ರ 8ಕ್ಕೆ ತಲುಪಿತೆಂಬುದು 'ಕ'ನ ಹೊಣೆಯನ್ನು ಬದಲಿಸುವುದಿಲ್ಲ. ಆದರೆ 8ರವರೆಗೆ 'ಖ' ಬೇಕಿದ್ದರೆ ತನ್ನ ಅಂಗೀಕಾರವನ್ನು ಹಿಂತೆಗೆದುಕೊಳ್ಳಬಹುದಿತ್ತು. ಆದ್ದರಿಂದ ಹಿಂತೆಗೆತ ಸಿಂಧುವಲ್ಲ, ಕರಾರು ಏರ್ಪಟ್ಟಿದೆ."

ಗಮನಿಸಿ, ತಾರೀಕುಗಳೆಲ್ಲ ಉತ್ತರದೊಳಗೆ ಬಂದಿವೆ. ಪ್ರಶ್ನೆ ಬರೆಯುವವರು ಒಂದು ತಾರೀಕನ್ನೂ ಸುಮ್ಮನೆ ಕೊಡುವುದಿಲ್ಲ. ವಯಸ್ಸು 17 ಎಂದಿದ್ದರೆ ಅಪ್ರಾಪ್ತ ವಯಸ್ಕನ ಪ್ರಶ್ನೆ. "ಊಟದ ಮನೆಯಲ್ಲಿ ಗಂಡ ಹೆಂಡತಿಗೆ ಹೇಳಿದ" ಎಂದಿದ್ದರೆ ಕಾನೂನು ಸಂಬಂಧ ಏರ್ಪಡಿಸುವ ಉದ್ದೇಶದ ಪ್ರಶ್ನೆ, ಗಂಡ ಹೆಂಡತಿಯ ನಡುವಿನ ಮನೆಮಾತು ಕರಾರಲ್ಲ ಎಂದ 1919ರ ಬಾಲ್ಫರ್ ಕೇಸು. ಸಂಗತಿಯ ಒಂದೊಂದು ವಿವರವನ್ನೂ ಕೈಗೆತ್ತಿಕೊಂಡು, ಇದು ಯಾವ ಕಲಮಿನ ಯಾವ ಮಾತಿಗೆ ಕೂರುತ್ತದೆ ಎಂದು ಕೇಳಿಕೊಳ್ಳಿ. ಅನ್ವಯ ಅಂದರೆ ಅಷ್ಟೇ.

ಇದೇ ಸಮಸ್ಯೆಯಲ್ಲಿ 'ಖ' ಅಂಚೆಯ ಬದಲು ಫೋನಿನಲ್ಲಿ ಒಪ್ಪಿದ್ದರೆ? ಆಗ ಭಗವಾನ್‌ದಾಸ್ ಕೇಡಿಯಾ ತೀರ್ಪು, ಎಐಆರ್ (ಆಲ್ ಇಂಡಿಯಾ ರಿಪೋರ್ಟರ್ ಎಂಬ ತೀರ್ಪುಗಳ ಸಂಪುಟ) 1966 ಸುಪ್ರೀಂ ಕೋರ್ಟ್ 543: ದೂರವಾಣಿಗೆ ಅಂಚೆಯ ನಿಯಮ ಹೊಂದುವುದಿಲ್ಲ, ಒಪ್ಪಿಗೆ ಕೇಳಿಸಿಕೊಂಡ ಕಡೆ ಕರಾರು ಆಗುತ್ತದೆ. ಇಂಥ ಒಂದು ವಾಕ್ಯ ಕೊನೆಗೆ ಸೇರಿಸಿದರೆ ಉತ್ತರದ ತೂಕವೇ ಬೇರೆ.

ಐದನೇ ಹೆಜ್ಜೆ: ಕನ್ನಡದ ಪದಗಳಲ್ಲಿ ಜಾಗ್ರತೆ

ಕನ್ನಡದಲ್ಲಿ ಬರೆದರೆ ಅಂಕ ಕಡಿಮೆ ಎಂಬ ಮಾತು ಹಾಸ್ಟೆಲುಗಳಲ್ಲಿ ಓಡಾಡುತ್ತದೆ. ನಾನು ನೋಡಿದ ಉತ್ತರಗಳಲ್ಲಿ ಅಂಕ ಕಳೆದದ್ದು ಪದಗಳ ಗೊಂದಲ. ದೊಡ್ಡ ಗೊಂದಲ 'ಪ್ರಕರಣ'ದ್ದು. ಕರ್ನಾಟಕದ ಕಾಯ್ದೆಗಳ ಕನ್ನಡ ಪಾಠದಲ್ಲಿ ಸೆಕ್ಷನ್‌ಗೆ 'ಪ್ರಕರಣ' ಎಂದಿದೆ. ಪತ್ರಿಕೆಗಳಲ್ಲಿ ಕೇಸಿಗೂ 'ಪ್ರಕರಣ'ವೇ. ಒಂದೇ ಪುಟದಲ್ಲಿ ಎರಡೂ ಬಂದರೆ ಓದುವವರಿಗೆ ತಲೆ ಕೆಡುತ್ತದೆ. ನಾನು ಸೆಕ್ಷನ್‌ಗೆ 'ಕಲಂ' ಎಂದೂ, ತೀರ್ಪಾದ ಕೇಸಿಗೆ 'ಪ್ರಕರಣ' ಎಂದೂ, ಸಂವಿಧಾನದ ಆರ್ಟಿಕಲ್‌ಗೆ 'ಅನುಚ್ಛೇದ' ಎಂದೂ ಗಟ್ಟಿ ಮಾಡಿಕೊಂಡಿದ್ದೇನೆ. ನೀವು ಬೇರೆ ಆರಿಸಿಕೊಂಡರೂ ಸರಿ, ಪತ್ರಿಕೆಯುದ್ದಕ್ಕೂ ಅದನ್ನೇ ಬಳಸಿ.

ಇನ್ನೊಂದು, 'ಶೂನ್ಯ' ಮತ್ತು 'ಶೂನ್ಯಗೊಳಿಸಬಹುದಾದ'. ಅಪ್ರಾಪ್ತ ವಯಸ್ಕನ ಕರಾರು ಆರಂಭದಿಂದಲೇ ಶೂನ್ಯ ಎಂದು 1903ರ ಮೊಹೋರಿ ಬೀಬಿ ಪ್ರಕರಣ ಹೇಳಿತು. ಬೆದರಿಸಿ ಪಡೆದ ಒಪ್ಪಿಗೆಯ ಕರಾರು 19ನೇ ಕಲಮಿನಡಿ ಬೆದರಿಕೆಗೆ ಒಳಗಾದವನ ಇಚ್ಛೆಯಂತೆ ಶೂನ್ಯಗೊಳಿಸಬಹುದಾದದ್ದು. ಅವಸರದಲ್ಲಿ ಬಾಲ ಕತ್ತರಿಸಿ 'ಶೂನ್ಯ' ಎಂದು ಬರೆದರೆ ಕಾನೂನೇ ತಪ್ಪಾಗುತ್ತದೆ. ಪದ ಹೊಳೆಯದಿದ್ದರೆ 'ಎಸ್ಟಾಪೆಲ್' (ಹಿಂದೆ ಹೇಳಿದ್ದಕ್ಕೆ ವಿರುದ್ಧ ಹೇಳದಂತೆ ಇರುವ ತಡೆ) ಎಂದು ಕನ್ನಡ ಲಿಪಿಯಲ್ಲೇ ಬರೆದು ಅರ್ಧ ವಾಕ್ಯದ ಅರ್ಥ ಕೊಡಿ. ಆದರೆ ಒಂದು ಉತ್ತರ ಕನ್ನಡ, ಇನ್ನೊಂದು ಇಂಗ್ಲಿಷ್ ಮಾಡಬೇಡಿ. ಇಡೀ ಪತ್ರಿಕೆ ಒಂದೇ ಭಾಷೆಯಲ್ಲಿರಬೇಕೆಂಬುದು ಪ್ರಶ್ನೆಪತ್ರಿಕೆಯ ತಲೆಯಲ್ಲೇ ಇರುವ ಸೂಚನೆ.

ಅಪರಾಧ ಕಾನೂನಿನಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕೊಲೆಯ ವ್ಯಾಖ್ಯೆ ಹಿಂದಿನ ಭಾರತೀಯ ದಂಡ ಸಂಹಿತೆಯ (ಐಪಿಸಿ) 300ರಿಂದ ಸಂಹಿತೆಯ 101ಕ್ಕೆ ಬಂದಿದೆ, ಅದರ ಶಿಕ್ಷೆ 302ರಿಂದ 103ಕ್ಕೆ. ಹಳೆಯ ತೀರ್ಪು ಉಲ್ಲೇಖಿಸುವಾಗ "ಆಗಿನ ಐಪಿಸಿ 300, ಈಗಿನ ಸಂಹಿತೆಯ 101" ಎಂದು ಎರಡನ್ನೂ ಕೊಡಿ.

ಆರನೇ ಹೆಜ್ಜೆ: ತೀರ್ಪುಗಳು

ಒಂದು ಪ್ರಬಂಧಕ್ಕೆ ಎರಡು ಪ್ರಕರಣ ಸಾಕು. ಹೆಸರು, ವರ್ಷ, ಒಂದು ಸಾಲಿನ ಸಂಗತಿ, ಒಂದು ಸಾಲಿನ ತೀರ್ಮಾನ. ಉದಾಹರಣೆಗೆ 1913ರ ಲಾಲ್‌ಮನ್ ಶುಕ್ಲಾ: ಕಾಣೆಯಾದ ಹುಡುಗನನ್ನು ಹುಡುಕಿ ತಂದ ಗುಮಾಸ್ತನಿಗೆ ಬಹುಮಾನದ ಘೋಷಣೆ ಆಗ ಗೊತ್ತೇ ಇರಲಿಲ್ಲ; ತಿಳಿಯದ ಪ್ರಸ್ತಾಪವನ್ನು ಅಂಗೀಕರಿಸಲಾಗದು. ಇಷ್ಟೇ.

ಹೆಸರು ಮರೆತರೆ "ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ತೀರ್ಮಾನಿಸಿದಂತೆ" ಎಂದು ತತ್ವ ಬರೆಯಿರಿ. ಹೆಸರನ್ನು ಮಾತ್ರ ಹುಟ್ಟಿಸಬೇಡಿ. ಪರೀಕ್ಷೆಯಲ್ಲಿ ರೂಢಿಯಾದ ಸುಳ್ಳು ಉಲ್ಲೇಖ ನಾಳೆ ನ್ಯಾಯಾಧೀಶರ ಮುಂದೆ ಬಾಯಿಗೆ ಬರುತ್ತದೆ, ಅಲ್ಲಿ ಅದು ವೃತ್ತಿಯನ್ನೇ ತಿನ್ನುತ್ತದೆ.

ಏಳನೇ ಹೆಜ್ಜೆ: ಕೈ ಪಳಗಿಸುವುದು

ಓದು ಬಸ್ಸಿನಲ್ಲಿ ಆಗುತ್ತದೆ, ಬರವಣಿಗೆ ಆಗುವುದಿಲ್ಲ. ವಾರಕ್ಕೆ ಎರಡು ಪ್ರಬಂಧ, ಮೂರು ಸಮಸ್ಯೆ ಗಡಿಯಾರ ಇಟ್ಟು ಬರೆಯಿರಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಐದು ವರ್ಷದ್ದಾದರೂ ಒಟ್ಟುಗೂಡಿಸಿಕೊಳ್ಳಿ. ಪರೀಕ್ಷೆಗೆ ಮೊದಲು ಒಮ್ಮೆಯಾದರೂ ಮೂರು ಗಂಟೆ ಒಂದೇ ಸಲ ಕೂತು ಇಡೀ ಪತ್ರಿಕೆ ಬರೆಯಬೇಕು. ಫೋನಿನಲ್ಲಿ ಟೈಪ್ ಮಾಡಿ ರೂಢಿಯಾದ ಬೆರಳು ಎರಡನೇ ಗಂಟೆಗೆ ಸೋಲುತ್ತದೆ. ಬರೆದದ್ದನ್ನು ಗೆಳತಿಯೊಬ್ಬಳಿಗೆ ಕೊಟ್ಟು 'ಆದ್ದರಿಂದ' ಎಂದು ಬಂದಲ್ಲೆಲ್ಲ "ಯಾಕೆ?" ಎಂದು ಕೇಳಲು ಹೇಳಿ.

ಜೂನ್, ಜುಲೈನಲ್ಲಿ ಪರೀಕ್ಷೆ ಬಿದ್ದರೆ ಮಲೆನಾಡಿನವರು ಒಂದು ವಿಷಯ ನೋಡಿಕೊಳ್ಳಬೇಕು. ಮಳೆಯ ಥಂಡಿಗೆ ಕಾಗದ ಮೆತ್ತಗಾಗಿರುತ್ತದೆ, ಜೆಲ್ ಪೆನ್ನಿನ ಶಾಯಿ ಹರಡಿ ಹಿಂಬದಿಗೂ ಇಳಿಯುತ್ತದೆ. ಬಾಲ್ ಪೆನ್ ಇಟ್ಟುಕೊಳ್ಳಿ, ಜೊತೆಗೊಂದು ಒಣ ಕರವಸ್ತ್ರ. ಹಾಲ್ ಟಿಕೆಟ್ ಪ್ಲಾಸ್ಟಿಕ್ ಕವರಿನಲ್ಲಿರಲಿ.

ನ್ಯಾಯಾಧೀಶರ ಪರೀಕ್ಷೆಯ ಕನಸಿದ್ದವರಿಗೆ

2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕು. ಮುಖ್ಯ ಪರೀಕ್ಷೆಯಲ್ಲಿ ಕಾನೂನಿನ ಪತ್ರಿಕೆಗಳ ಜೊತೆ ಇಂಗ್ಲಿಷ್–ಕನ್ನಡ ಭಾಷಾಂತರವಿದೆ, ವಿವಾದಾಂಶ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆ) ರಚನೆ, ದೋಷಾರೋಪ ರಚನೆ, ತೀರ್ಪು ಬರೆಯುವುದು ಇದೆ. ಆ ಮೂರು ವರ್ಷದಲ್ಲಿ ಸೀನಿಯರ್ ಕೈಗೆ ಬಂದ ಪ್ರತಿ ತೀರ್ಪಿನ ನಕಲನ್ನೂ ಓದಿ, ಅದರಲ್ಲಿನ ವಿವಾದಾಂಶಗಳನ್ನು ಮುಚ್ಚಿಟ್ಟು ವಾದಪತ್ರ, ಪ್ರತಿವಾದಪತ್ರ ನೋಡಿ ನೀವೇ ರಚಿಸಿ, ಆಮೇಲೆ ಹೋಲಿಸಿ. ಸಾಕ್ಷಿಯ ಹೇಳಿಕೆಯನ್ನು ದಿನಕ್ಕೊಂದು ಪುಟ ಇಂಗ್ಲಿಷಿಗೆ ತನ್ನಿ. ಸಮಸ್ಯೆ ಬಿಡಿಸಿ ರೂಢಿಯಾದವರಿಗೆ ತೀರ್ಪು ಬರೆಯುವುದು ಹೊಸದೆನಿಸುವುದಿಲ್ಲ. ಪ್ರಶ್ನೆಯ ಜಾಗದಲ್ಲಿ ವಿವಾದಾಂಶ ಬಂದು ಕೂರುತ್ತದೆ, ಅನ್ವಯದ ಜಾಗದಲ್ಲಿ ಸಾಕ್ಷ್ಯದ ವಿಮರ್ಶೆ.

ಕೊನೆಯ ಹತ್ತು ನಿಮಿಷ

ಈ ಹತ್ತು ನಿಮಿಷದಲ್ಲಿ ಹೊಸ ವಿಷಯ ಸೇರಿಸಲು ಹೋಗಬೇಡಿ. ಮೊದಲು ಐದು ಘಟಕಕ್ಕೂ ಎರಡೆರಡು ಉತ್ತರ ಇವೆಯೇ ಎಂದು ಎಣಿಸಿ. ಪ್ರಶ್ನೆ ಸಂಖ್ಯೆ, 'ಎ', 'ಬಿ' ಸರಿಯಿದೆಯೇ ನೋಡಿ. ಆಮೇಲೆ ಕಲಂ ಸಂಖ್ಯೆಗಳ ಮೇಲೆ ಮಾತ್ರ ಕಣ್ಣಾಡಿಸಿ, 44 ಎಂದಿರಬೇಕಾದಲ್ಲಿ 45 ಆಗಿದ್ದರೆ ಇಲ್ಲೇ ಸಿಗುತ್ತದೆ. ಸಮಸ್ಯೆಗಳ ಕೊನೆಯ ಸಾಲು ಓದಿ, ಕೇಳಿದ್ದಕ್ಕೆ 'ಹೌದು' ಅಥವಾ 'ಇಲ್ಲ' ಎಂದು ಹೇಳಿದ್ದೀರಾ? ಇಲ್ಲದಿದ್ದರೆ ಆ ಒಂದು ವಾಕ್ಯ ಬರೆಯಿರಿ. ಕೊನೆಯ ಪುಟದ ಗೀಚನ್ನು ಅಡ್ಡಗೆರೆ ಎಳೆದು ಹೊಡೆಯಿರಿ. ಹೆಚ್ಚುವರಿ ಹಾಳೆ ತೆಗೆದುಕೊಂಡಿದ್ದರೆ ದಾರ ಬಿಗಿಯಾಗಿ ಕಟ್ಟಿ, ಅದರ ಮೇಲೂ ನೋಂದಣಿ ಸಂಖ್ಯೆ ಬರೆದು ಪತ್ರಿಕೆ ಕೊಡಿ.